ಶ್ರೀಗಂಧದ ಅಂಗಾಂಶ ಕೃಷಿಯಲ್ಲಿ ಭ್ರೂಣರಚನೆ: ಸಸ್ಯ ಹಾರ್ಮೋನುಗಳ ಪಾತ್ರ

ಪರಾಗಸ್ಪರ್ಶ, ಗರ್ಭಾಂಕುರಗಳ ನೆರವಿಲ್ಲದೆ ಸಸ್ಯದ ಕಾಂಡ, ಎಲೆ ಮೊದಲಾದ ಭಾಗಗಳ ಕೋಶಗಳಿಂದಲೇ ಭ್ರೂಣ ರೂಪುಗೊಳ್ಳುವ ಕ್ರಿಯೆಗೆ ಕಾಯಜ ಭ್ರೂಣೋತ್ಪತ್ತಿ ಎಂದು ಹೆಸರು. 1958ರ ಸುಮಾರಿಗೆ ಸ್ಟೀವರ್ಡ್ ಮತ್ತು ರೈನರ್ಟ್ ಇದನ್ನು ಗಜ್ಜರಿಯಲ್ಲಿ ಪ್ರತ್ಯೇಕವಾಗಿ ತೋರಿಸಿಕೊಟ್ಟರು. ಶ್ರೀಗಂಧದಲ್ಲಿ ಇದು ಸಾಧ್ಯವೆಂಬುದನ್ನು 1979ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಸ್ಥಾಪಿಸಿದವು: ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀ ಸೀತಾ ಮತ್ತು ಸಂಗಡಿಗರದು, ಇನ್ನೊಂದು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಬಾಪಟ್ ಮತ್ತು ರಾವ್ ಅವರದು.

ಈ ಕ್ರಿಯೆಯಲ್ಲಿ ಹಾರ್ಮೋನಿನ ಪ್ರಮಾಣದಷ್ಟೇ ಅದನ್ನು ಕೊಡುವ ಮತ್ತು ಹಿಂತೆಗೆಯುವ ಕ್ರಮವೂ ನಿರ್ಣಾಯಕ. ಕೃತಕ ಆಕ್ಸಿನ್ ಆದ 2,4-ಡಿ ಬೆರೆಸಿದ ಪೋಷಕ ಮಾಧ್ಯಮದಲ್ಲಿ ಕೋಶಗಳು ತಮ್ಮ ಹಿಂದಿನ ವಿಶಿಷ್ಟ ಕಾರ್ಯವನ್ನು ತೊರೆದು, ವಿಭಜನೆಗೊಂಡು, ಕ್ಯಾಲಸ್ ಎಂಬ ಆಕಾರವಿಲ್ಲದ ಕೋಶರಾಶಿಯಾಗುತ್ತವೆ. ಅವುಗಳಲ್ಲಿ ಕೆಲವು ಭ್ರೂಣವಾಗುವ ಸಾಮರ್ಥ್ಯ ಪಡೆಯುತ್ತವೆ. ಆದರೆ ಅದೇ ಆಕ್ಸಿನ್ ಮಾಧ್ಯಮದಲ್ಲಿ ಹೆಚ್ಚಾಗಿ ಉಳಿದರೆ ಬೆಳವಣಿಗೆ ಸಾಮಾನ್ಯವಾಗಿ ಆರಂಭದ ಹಂತದಲ್ಲೇ ನಿಲ್ಲುತ್ತದೆ. ಅದನ್ನು ತಗ್ಗಿಸಿದಾಗ ಅಥವಾ ತೆಗೆದಾಗ ಭ್ರೂಣದೊಳಗಿನ ಸ್ವಂತ ಆಕ್ಸಿನ್ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆಯಾಗಿ ಹಂಚಿಕೆಯಾಗುತ್ತದೆ. ಈ ಅಸಮತೆಯಿಂದಲೇ ಚಿಗುರು ಮತ್ತು ಬೇರಿನ ಧ್ರುವಗಳು ನಿರ್ಧಾರವಾಗಿ, ಗೋಳಾಕಾರದ ಭ್ರೂಣ ಹೃದಯಾಕಾರಕ್ಕೆ ಸಾಗುತ್ತದೆ. ಬೆಂಗಳೂರಿನ ಪ್ರಯೋಗದಲ್ಲಿ ಶ್ರೀಗಂಧದ ಕ್ಯಾಲಸ್ಸನ್ನು ಜಿಬ್ಬರೆಲಿನ್ ಇರುವ ಮಾಧ್ಯಮಕ್ಕೆ ವರ್ಗಾಯಿಸಿದಾಗ ಭ್ರೂಣಸದೃಶ ರಚನೆಗಳು ಮೂಡಿದವು. ಹಲವು ಸಸ್ಯಗಳಲ್ಲಿ ಅಬ್ಸಿಸಿಕ್ ಆಮ್ಲವು ಭ್ರೂಣ ಅಕಾಲದಲ್ಲಿ ಮೊಳೆಯದಂತೆ ತಡೆದು, ಅದು ಪಿಷ್ಟ ಮತ್ತು ಪ್ರೋಟೀನನ್ನು ಸಂಗ್ರಹಿಸಿ ಬಲಿಯಲು ನೆರವಾಗುತ್ತದೆ.

ಟ್ರಾಂಬೆಯ ಸಂಶೋಧಕರು 1988ರಲ್ಲಿ ಶ್ರೀಗಂಧದ ಕಾಯಜ ಭ್ರೂಣಗಳನ್ನು ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಜೆಲ್ಲಿನೊಳಗಿಟ್ಟು ಕೃತಕ ಬೀಜಗಳನ್ನಾಗಿಸಿ, ಅವುಗಳಿಂದ ಸಸಿ ಪಡೆದುದನ್ನು ವರದಿ ಮಾಡಿದರು. ಬೀಜದಿಂದ ಬೆಳೆದ ಶ್ರೀಗಂಧದ ಮರಗಳಲ್ಲಿ ಗುಣಭೇದ ಹೆಚ್ಚಿರುವುದರಿಂದ, ಆಯ್ದ ಉತ್ತಮ ಮರದ ಪ್ರತಿರೂಪಗಳನ್ನು ಬೆಳೆಸಲು ಈ ಮಾರ್ಗ ಮಹತ್ತ್ವದ್ದು.

ಆದರೆ ಕ್ಯಾಲಸ್ ಹಂತ ದೀರ್ಘವಾದಷ್ಟೂ ಆನುವಂಶಿಕ ವ್ಯತ್ಯಾಸಗಳ ಸಂಭವ ಹೆಚ್ಚುತ್ತದೆ. ಇದಲ್ಲದೆ ಶ್ರೀಗಂಧವು ನೆರೆಯ ಸಸ್ಯಗಳ ಬೇರಿನಿಂದ ನೀರು ಮತ್ತು ಪೋಷಕಾಂಶ ಹೀರುವ ಅರೆಪರಾವಲಂಬಿ. ಆದುದರಿಂದ ಪ್ರಯೋಗಾಲಯದ ಸಸಿಗೂ ಮಣ್ಣಿನಲ್ಲಿ ಆಶ್ರಯ ಸಸ್ಯ ಬೇಕು. ಹೀಗಿರುವಾಗ ಯಾವುದೇ ಹಾರ್ಮೋನು ಕ್ರಮದ ಯಶಸ್ಸನ್ನು ಭ್ರೂಣಗಳ ಸಂಖ್ಯೆಯಿಂದಲ್ಲ, ಮಣ್ಣಿನಲ್ಲಿ ಬೇರೂರಿ ತಾಯಿಮರದ ಗುಣ ಉಳಿಸಿಕೊಂಡ ಗಿಡಗಳಿಂದಲೇ ಅಳೆಯಬೇಕು.