ಸೂತ್ರಗ್ರಾಹಿಯೂ ತಕ್ಷಕನೂ: ಸಂಖ್ಯಾಯಂತ್ರದ ಕೆತ್ತನೆಯ ಇತಿಹಾಸ

ಉಡುಪಿ ಜಿಲ್ಲೆಯ ಕಾಪು ತಾಲೂಕಿಗೆ ಸೇರಿದ ಎಲ್ಲೂರು, ಮಹತೋಭಾರ ಶ್ರೀ ವಿಶ್ವೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಹಳೆಯ ಗ್ರಾಮವು. ಅದೇ ಗ್ರಾಮದಲ್ಲಿ ತಲಾ 600 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವೊಂದು 2010 ಮತ್ತು 2012ರಲ್ಲಿ ಕ್ರಮವಾಗಿ ಉತ್ಪಾದನೆಯನ್ನಾರಂಭಿಸಿತು. ಒಂದು ಉಳಿಯ ಕಾಲದ್ದು, ಇನ್ನೊಂದು ಯಂತ್ರಯುಗದ್ದು; ಎರಡೂ ಒಂದೇ ಊರಿನ ಎಲ್ಲೆಯೊಳಗೆ ನಿಂತಿವೆ. ಇವೆರಡರ ನಡುವೆ ನಿಲ್ಲತಕ್ಕ ಮೂರನೆಯದೊಂದುಂಟು. ಅದು ಇಂತಹ ಊರಿನ ಮನೆಯ ಚಾವಡಿಯಲ್ಲಿಯೂ ಇಡಬಹುದಾದ, ಒಂದು ಕಿಲೋವ್ಯಾಟಿಗೂ ಕಡಮೆ ವಿದ್ಯುತ್ತಿನಿಂದ ನಡೆಯುವ, ಹವ್ಯಾಸಿಯೊಬ್ಬನು ತಾನೇ ಕಟ್ಟಿಕೊಳ್ಳಬಹುದಾದ ಕೆತ್ತನೆಯ ಯಂತ್ರ. ಇದಕ್ಕೆ ಸಿ.ಎನ್.ಸಿ. ರೂಟರ್ ಎಂದು ರೂಢಿಯ ಹೆಸರು. ಗಣಕವು ಕೊಡುವ ಸಂಖ್ಯೆಗಳನ್ನನುಸರಿಸಿ ತಿರುಗುವ ಬಿಟ್ಟೊಂದು ಮೂರು ದಿಕ್ಕುಗಳಲ್ಲಿ ಚಲಿಸಿ ಮರವನ್ನು ಕಡೆಯುವುದೇ ಇದರ ಸ್ವರೂಪ.

ಸಂಖ್ಯೆಯನ್ನು ನೋಡಿ ಯಂತ್ರವು ಕೆತ್ತಿದುದು ಶಿಲ್ಪವಾಗುವುದೇ, ಇಲ್ಲವೇ ಎಂಬ ಪ್ರಶ್ನೆಯು ಮರಗೆಲಸದವರಲ್ಲಿಯೂ ಕಲಾಭಿಮಾನಿಗಳಲ್ಲಿಯೂ ಹುಟ್ಟುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಅರಸುವ ಮೊದಲು, ಕೆತ್ತನೆಯಲ್ಲಿ ಅಳತೆಯು ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯಿತು ಎಂಬ ಇತಿಹಾಸವನ್ನು ವಿಚಾರಿಸುವುದು ಯುಕ್ತ.

ಅಮರಕೋಶದಲ್ಲಿ ತಕ್ಷ, ವರ್ಧಕಿ, ತ್ವಷ್ಟೃ, ರಥಕಾರ ಎಂಬಿವು ಬಡಗಿಗೆ ಪರ್ಯಾಯನಾಮಗಳು. ಕನ್ನಡದ 'ಬಡಗಿ' ಶಬ್ದವಾದರೂ 'ವರ್ಧಕಿ' ಎಂಬುದರ ತದ್ಭವವೇ. ಆದರೆ ವಾಸ್ತುಗ್ರಂಥವಾದ ಮಯಮತದಲ್ಲಿ ಇವು ಬರಿಯ ಪರ್ಯಾಯಗಳಲ್ಲ. ಅಲ್ಲಿ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ಶಿಲ್ಪಿಗಳು ನಾಲ್ವರು. ಸಮಗ್ರ ಕೃತಿಯನ್ನು ಮನಸ್ಸಿನಲ್ಲಿ ಕಂಡು ನಡೆಯಿಸುವವನು ಸ್ಥಪತಿ. ನೂಲನ್ನೂ ಅಳತೆಗೋಲನ್ನೂ ಹಿಡಿದು ಅಳತೆಯನ್ನು ಇಳಿಸುವವನು ಸೂತ್ರಗ್ರಾಹಿ. ಅವನು ಸ್ಥಪತಿಯ ಮಗನಾಗಿರಬೇಕು ಅಥವಾ ಶಿಷ್ಯನಾಗಿರಬೇಕು. ಮರವನ್ನೂ ಕಲ್ಲನ್ನೂ ಕಡಿದು ಕೆತ್ತುವವನು ತಕ್ಷಕ. ತಕ್ಷಕನು ಕಡಿದುದನ್ನು ಕೂಡಿಸಿ ನಿಲ್ಲಿಸುವವನು ವರ್ಧಕಿ. ಕೆಲಸವು ನಾಲ್ವರಲ್ಲಿ ಹಂಚಿಹೋದರೂ ವಿದ್ಯೆಯು ಒಂದೇ ಪಂಕ್ತಿಯಲ್ಲಿ ಉಳಿಯಿತು. ಅಳತೆಯನ್ನು ಬಲ್ಲವನಿಗೂ ಉಳಿಯನ್ನು ಬಲ್ಲವನಿಗೂ ನಡುವೆ ಗೋಡೆಯಿರಲಿಲ್ಲ. ಇದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಇನ್ನು ಅಳತೆಯ ವಿಷಯ. ವರಾಹಮಿಹಿರನ ಬೃಹತ್ಸಂಹಿತೆಯ ಪ್ರತಿಮಾಲಕ್ಷಣಾಧ್ಯಾಯದಲ್ಲಿಯೂ ಬಳಿಕದ ಆಗಮಗಳಲ್ಲಿಯೂ ಮೂರ್ತಿಯ ಅಂಗಾಂಗಗಳೆಲ್ಲ ಅಂಗುಲಗಳ ಲೆಕ್ಕದಲ್ಲಿ ಹೇಳಲ್ಪಟ್ಟಿವೆ. 12 ಅಂಗುಲಕ್ಕೆ ಒಂದು ತಾಲ. ನವತಾಲದ ಮೂರ್ತಿಗೆ 108 ಅಂಗುಲ. ಇಲ್ಲಿ ಅಂಗುಲವೆಂದರೆ ಯಾವಾಗಲೂ ಮನುಷ್ಯನ ಬೆರಳಲ್ಲ. ಮೂರ್ತಿಯ ಎತ್ತರವನ್ನೇ ಸಮಭಾಗಗಳಾಗಿ ಒಡೆದು ಅದರ ಒಂದು ಭಾಗವನ್ನು ಅಂಗುಲವೆಂದು ಹಿಡಿಯುವ ಕ್ರಮವೂ ಉಂಟು. ಇದಕ್ಕೆ ದೇಹಲಬ್ಧಾಂಗುಲವೆಂದು ಹೆಸರು. ಇದರಿಂದ ಒಂದೇ ಸಂಖ್ಯಾಪಟ್ಟಿಯು ಗೇಣುದ್ದದ ವಿಗ್ರಹಕ್ಕೂ ಬೆಟ್ಟದ ಮೇಲಣ ಮಹಾಮೂರ್ತಿಗೂ ಸಲ್ಲುವುದು.

ಒಂದೇ ರೂಪವು ಬೇರೆ ಬೇರೆ ಪ್ರಮಾಣಗಳಲ್ಲಿ ಮರಳಿ ಹುಟ್ಟಿದುದಕ್ಕೆ ಕನ್ನಡನಾಡಿನ ಬಾಹುಬಲಿಮೂರ್ತಿಗಳೇ ದೊಡ್ಡ ಸಾಕ್ಷಿ. ಚಾವುಂಡರಾಯನು ಕ್ರಿ. ಶ. 981ರ ಸುಮಾರಿಗೆ ಶ್ರವಣಬೆಳ್ಗೊಳದಲ್ಲಿ ನಿಲ್ಲಿಸಿದ ಮೂರ್ತಿಯ ಎತ್ತರ ಸುಮಾರು 58 ಅಡಿ. ಕಾರ್ಕಳದಲ್ಲಿ ವೀರಪಾಂಡ್ಯನು ಶಕ 1353ರಲ್ಲಿ, ಎಂದರೆ ಕ್ರಿ. ಶ. 1432ರಲ್ಲಿ, ಪ್ರತಿಷ್ಠಿಸಿದುದು ಸುಮಾರು 42 ಅಡಿ. ವೇಣೂರಿನಲ್ಲಿ ಅಜಿಲವಂಶದ ತಿಮ್ಮರಾಜನು 1604ರಲ್ಲಿ ನಿಲ್ಲಿಸಿದುದು 35 ಅಡಿ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಮೂರ್ತಿಯು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿ 1982ರಲ್ಲಿ ಪ್ರತಿಷ್ಠಿತವಾಯಿತು. ಸಾವಿರ ವರ್ಷಗಳ ಅಂತರದಲ್ಲಿ ರೂಪವು ಉಳಿದುಬಂದುದು ಅದರ ಪ್ರಮಾಣವು ಉಳಿದುಬಂದುದರಿಂದಲೇ.

ಮರದ ಶಿಲ್ಪದಲ್ಲಿ ಈ ಪುನಃಸೃಷ್ಟಿಯು ಇನ್ನೂ ಅಗತ್ಯ. ಕರಾವಳಿಯ ಮಳೆಗೂ ಗೆದ್ದಲಿಗೂ ಸಿಕ್ಕಿದ ಮರವು ಕಲ್ಲಿನಂತೆ ಬಾಳದು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಭೂತಮೂರ್ತಿಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದುವು. ಅವುಗಳ ಸ್ಥಾನದಲ್ಲಿ ಹೊಸಮೂರ್ತಿಗಳು ನಿಂತುವು. ಹೀಗೆ ಹಳೆಯದನ್ನು ನೋಡಿ ಹೊಸದನ್ನು ಮಾಡುವುದು ಇಲ್ಲಿಯ ಶಿಲ್ಪಧರ್ಮಕ್ಕೆ ಹೊರತಾದುದಲ್ಲ. ಪ್ರತಿಕೃತಿ ಎಂಬ ಮಾತ್ರದಿಂದಲೇ ಯಂತ್ರದ ಕೆತ್ತನೆಯನ್ನು ತಳ್ಳಿಹಾಕುವಂತಿಲ್ಲ.

ಪ್ರತಿಕೃತಿಯನ್ನು ಯಂತ್ರದಿಂದ ಮಾಡುವ ಪ್ರಯತ್ನವು ಮೊದಲು ನಡೆದುದು ಐರೋಪ್ಯದೇಶಗಳಲ್ಲಿ. 1603ರಲ್ಲಿ ಕ್ರಿಸ್ಟೋಫ್ ಷೈನರನು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುವ ಪ್ಯಾಂಟೋಗ್ರಾಫನ್ನು ನಿರ್ಮಿಸಿ 1631ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟನು ತನ್ನ ಕೊನೆಯ ವರ್ಷಗಳನ್ನು ಮನೆಯ ಅಟ್ಟದಲ್ಲಿ ಪ್ರತಿಮೆಗಳನ್ನು ನಕಲಿಸುವ ಯಂತ್ರದ ರಚನೆಯಲ್ಲಿ ಕಳೆದನು; 1819ರಲ್ಲಿ ಅವನು ಗತಿಸಿದ ಬಹುಕಾಲದ ಮೇಲೆ ಆ ಕೋಣೆಯ ಸಾಮಗ್ರಿಯೆಲ್ಲವೂ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಬಂದಿತು. ಜೀವನೋಪಾಯಕ್ಕಾಗಿ ಅಲ್ಲದೆ ಬರಿಯ ಆಸಕ್ತಿಯಿಂದ ಮನೆಯೊಳಗೆ ಕೆತ್ತನೆಯ ಯಂತ್ರವನ್ನು ಕಟ್ಟಿದ ಹವ್ಯಾಸಿಗಳಲ್ಲಿ ಅವನನ್ನು ಹಿರಿಯನೆಂದೆಣಿಸಬಹುದು. ಅದೇ ಕಾಲದಲ್ಲಿ ಅಮೆರಿಕದ ಥಾಮಸ್ ಬ್ಲಾಂಚರ್ಡನು ಬಂದೂಕಿನ ಮರದ ಹಿಡಿಗಳನ್ನು ಮಾದರಿಯೊಂದನ್ನು ಸವರಿ ಕಡೆಯುವ ಯಂತ್ರವನ್ನು ರಚಿಸಿದನು. ಇವುಗಳಿಗೆಲ್ಲ ಕಣ್ಣೆದುರಿಗೆ ಒಂದು ಮೂಲವಸ್ತು ಬೇಕಾಗಿತ್ತು. ಸಂಖ್ಯೆಯನ್ನು ಇವು ಅರಿಯವು. ಸಂಕೇತವನ್ನು ಓದಿ ನಡೆಯುವ ಯಂತ್ರವಾದರೋ ನೇಕಾರರಲ್ಲಿ ಹುಟ್ಟಿತು. ಝಕಾರನು 1804ರಲ್ಲಿ ರಚಿಸಿದ ಮಗ್ಗವು ತೂತುಹಾಕಿದ ರಟ್ಟುಗಳನ್ನನುಸರಿಸಿ ಹೂಬಳ್ಳಿಗಳನ್ನು ನೇಯುತ್ತಿತ್ತು.

ಈ ಎರಡು ಧಾರೆಗಳು ಕೂಡಿದುದು ಎರಡನೆಯ ಮಹಾಯುದ್ಧದ ಬಳಿಕ. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುತ್ತಿದ್ದ ಜಾನ್ ಪಾರ್ಸನ್ಸನು, ವಕ್ರರೇಖೆಯೊಂದರ ಬಹುಬಿಂದುಗಳನ್ನು ಗಣನಯಂತ್ರದಿಂದ ಲೆಕ್ಕಹಾಕಿಸಿ ಆ ಸಂಖ್ಯೆಗಳಂತೆ ಲೋಹವನ್ನು ಕಡಿಯುವ ಯೋಜನೆಯನ್ನು ಮಾಡಿದನು. ಆರಂಭದಲ್ಲಿ ಕೆಲಸಗಾರರು ಸಂಖ್ಯೆಗಳನ್ನು ಓದಿ ಯಂತ್ರದ ಚಕ್ರಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ವಾಯುಸೇನೆಯ ದ್ರವ್ಯಸಹಾಯದಿಂದ ಮಸ್ಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯವರು ಇದನ್ನು ಮುಂದುವರಿಸಿ, ತೂತಿನ ಪಟ್ಟಿಯನ್ನು ಓದಿ ಮೂರು ದಿಕ್ಕುಗಳಲ್ಲಿ ಚಲಿಸುವ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿದರು.

ಇಲ್ಲಿ ಒಂದು ವಿಷಯವು ವಿಶೇಷವಾಗಿ ಗಮನಾರ್ಹ. ಇದಕ್ಕೆ ಪ್ರತಿಯಾದ ಇನ್ನೊಂದು ಮಾರ್ಗವೂ ಆಗ ತೆರೆದಿತ್ತು. 1946-47ರ ವೇಳೆಗೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ, ನುರಿತ ಕೆಲಸಗಾರನ ಕೈಚಲನೆಯನ್ನು ಪಟ್ಟಿಯ ಮೇಲೆ ದಾಖಲಿಸಿ ಯಂತ್ರದಿಂದ ಮರಳಿ ಮಾಡಿಸುವ ಕ್ರಮವು ರಚಿತವಾಗಿತ್ತು. ಅದರಲ್ಲಿ ತಕ್ಷಕನೇ ಗುರು, ಯಂತ್ರವು ಶಿಷ್ಯ. ಆದರೆ ಬಳಕೆಯಲ್ಲಿ ನಿಂತುದು ಸಂಖ್ಯಾಮಾರ್ಗವೇ. ಇದರಿಂದ ಅಳತೆಯು ಕಛೇರಿಯಲ್ಲಿ ಕುಳಿತವರ ಕೈಗೂ, ಗುಂಡಿಯನ್ನೊತ್ತುವ ಕೆಲಸವು ಕಾರ್ಖಾನೆಯವರ ಕೈಗೂ ಹಂಚಿಹೋಯಿತೆಂದೂ, ಈ ಆಯ್ಕೆಗೆ ತಾಂತ್ರಿಕ ಕಾರಣಗಳು ಮಾತ್ರವೇ ಇರಲಿಲ್ಲವೆಂದೂ ಇತಿಹಾಸಕಾರನಾದ ಡೇವಿಡ್ ನೋಬಲನು 1984ರ ತನ್ನ ಗ್ರಂಥದಲ್ಲಿ ವಾದಿಸಿರುವನು. ಮಯಮತದ ಮಾತಿನಲ್ಲಿ ಹೇಳುವುದಾದರೆ, ಸೂತ್ರಗ್ರಾಹಿಯೂ ತಕ್ಷಕನೂ ಅಲ್ಲಿ ಒಬ್ಬರನ್ನೊಬ್ಬರು ಅರಿಯದವರಾದರು.

ಕರ್ನಾಟಕದಲ್ಲಿಯೂ ಯಂತ್ರೋಪಕರಣಗಳ ವಿದ್ಯೆಯು ಬಹುಕಾಲ ದೊಡ್ಡ ಸಂಸ್ಥೆಗಳಲ್ಲಿಯೇ ಇದ್ದಿತು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ 1953ರಲ್ಲಿಯೂ, ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ 1962ರಲ್ಲಿಯೂ ಸ್ಥಾಪಿತವಾದುವು. ಸಂಖ್ಯಾಯಂತ್ರವು ಮನೆಯೊಳಗೆ ಕಾಲಿಟ್ಟುದು ಈ ಶತಮಾನದಲ್ಲಿ. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಎಂಬ ಅಲ್ಪಮೌಲ್ಯದ ನಿಯಂತ್ರಕಫಲಕವು ಹುಟ್ಟಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡನು ಅದರ ಮೇಲೆ ನಡೆಯುವ 'ಗರ್ಬಲ್' ಎಂಬ ಕ್ರಮವಿಧಿಯನ್ನು ಬರೆದು, ಅದರ ಮೂಲವನ್ನು ಯಾರು ಬೇಕಾದರೂ ಓದುವಂತೆಯೂ ತಿದ್ದುವಂತೆಯೂ ಬಿಟ್ಟುಕೊಟ್ಟನು. ಕೇವಲ 32 ಕಿಲೋಬೈಟ್ ಸ್ಮೃತಿಯುಳ್ಳ ಚಿಪ್ಪೊಂದರಲ್ಲಿ ಅದು ಅಡಗುವುದು. ಭೋಜರಾಜನ ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ, ಯಂತ್ರಗಳ ಘಟನಾಕ್ರಮವನ್ನು ಪೂರ್ತಿ ಹೇಳದಿರುವುದು ಅಜ್ಞಾನದಿಂದಲ್ಲ, ರಹಸ್ಯರಕ್ಷಣೆಗಾಗಿ ಎಂಬ ಅಭಿಪ್ರಾಯವಿದೆ. ಗುಪ್ತವಾಗಿಟ್ಟ ವಿದ್ಯೆಯು ಗುಪ್ತವಾಗಿಯೇ ನಶಿಸಿದ ಉದಾಹರಣೆಗಳು ನಮ್ಮಲ್ಲಿ ವಿರಳವಲ್ಲ. ಈ ಹೊಸ ವಿದ್ಯೆಯು ಪ್ರಕಟವಾಗಿ ಇದ್ದುದರಿಂದಲೇ ಹಳ್ಳಿಯ ಹವ್ಯಾಸಿಗೂ ಎಟುಕಿತು.

ಮನೆಯಲ್ಲಿ ಕಟ್ಟುವ ಯಂತ್ರದ ಕ್ರಮ ಹೀಗಿದೆ. ಪ್ಲೈವುಡ್ಡಿನ ಅಥವಾ ಅಲ್ಯುಮಿನಿಯಮ್ಮಿನ ಚೌಕಟ್ಟು. ಮೂರು ದಿಕ್ಕುಗಳಿಗೆ ಮರೆಸುತ್ತಿನ ಕಂಬಿಗಳು. ಅವುಗಳನ್ನು ತಿರುಗಿಸಲು ಹೆಜ್ಜೆಹೆಜ್ಜೆಯಾಗಿ ಸುತ್ತುವ ಸ್ಟೆಪ್ಪರ್ ಮೋಟರುಗಳು. ಕೊನೆಗೆ, ಬಡಗಿಗಳು ಕೈಯಲ್ಲಿ ಹಿಡಿಯುವ ರೂಟರ್ ಯಂತ್ರವೇ ಕಡೆಯುವ ತಲೆ. ಸಾಮಾನ್ಯವಾದ ಮೋಟರು ಒಂದು ಸುತ್ತಿಗೆ 200 ಹೆಜ್ಜೆಗಳನ್ನಿಡುವುದು. ಪ್ರತಿಯೊಂದು ಹೆಜ್ಜೆಯನ್ನು ಎಂಟಾಗಿ ಒಡೆದು, ಸುತ್ತಿಗೆ 8 ಮಿಲಿಮೀಟರ್ ಸರಿಯುವ ಕಂಬಿಯನ್ನು ಜೋಡಿಸಿದರೆ, ಒಂದು ಮಿಲಿಮೀಟರಿಗೆ 200 ಮಿಡಿತಗಳಾದುವು. ಒಂದು ಮಿಡಿತಕ್ಕೆ 0.005 ಮಿಲಿಮೀಟರ್. ಅಂಗುಲವನ್ನು ಎಂಟೆಂಟಾಗಿ ಒಡೆಯುತ್ತ ಯವ, ಯೂಕ, ಲಿಕ್ಷ, ವಾಲಾಗ್ರಗಳನ್ನು ಹೇಳಿದ ಶಾಸ್ತ್ರದಂತೆ, ಮುಕ್ಕಾಲು ಇಂಚಿನ ಅಂಗುಲಕ್ಕೆ ವಾಲಾಗ್ರವೂ ಸರಿಸುಮಾರು ಇಷ್ಟೇ. ಈ ಸಾಮ್ಯದಿಂದ ಪೂರ್ವಿಕರಲ್ಲಿ ಇಂತಹ ಯಂತ್ರವಿತ್ತೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಇದು ಕಲಿಸುವ ಪಾಠವು ಬೇರೆ. ಕಂಬಿಯ ಸಡಿಲಿಕೆ, ಚೌಕಟ್ಟಿನ ಬಾಗು, ಆಟಿಯ ತೇವಕ್ಕೆ ಉಬ್ಬುವ ಪ್ಲೈವುಡ್ಡು, ಇವೆಲ್ಲವೂ ಸೇರಿ ಮನೆಯ ಯಂತ್ರದ ನಿಜವಾದ ನಿಖರತೆಯನ್ನು ಅದಕ್ಕಿಂತ ಬಹಳ ಕೆಳಗಿಳಿಸುವುವು. ಸಂಖ್ಯೆಯ ಸೂಕ್ಷ್ಮತೆ ಬೇರೆ, ಕೃತಿಯ ಸೂಕ್ಷ್ಮತೆ ಬೇರೆ.

ಇಂತಹ ಯಂತ್ರದಿಂದ ಹವ್ಯಾಸಿಗಳು ಮಾಡುವುದು ಹೆಸರಿನ ಫಲಕ, ಜಾಲಂಧ್ರ, ಪೆಟ್ಟಿಗೆಯ ಮುಚ್ಚಳ ಮುಂತಾದ ಸಣ್ಣ ವಸ್ತುಗಳನ್ನು. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಆಡುವ ಚೆನ್ನೆಮಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಗುಳಿಗಳು. 440 ಮಿಲಿಮೀಟರ್ ಉದ್ದ, 140 ಮಿಲಿಮೀಟರ್ ಅಗಲದ ಹಲಗೆಯಲ್ಲಿ ಅಂಚಿನಿಂದ 40 ಮಿಲಿಮೀಟರಿಗೆ ಮೊದಲ ಗುಳಿಯ ನಡುವನ್ನಿಟ್ಟು, 60ರ ಅಂತರದಲ್ಲಿ ಮುಂದುವರಿದರೆ ಏಳೂ ಗುಳಿಗಳು ಸರಿಯಾಗಿ ಕೂರುವುವು. ಗುಂಡುತುದಿಯ ಬಿಟ್ಟು ವೃತ್ತದೊಳಗೆ ವೃತ್ತವಾಗಿ ಇಳಿಯುತ್ತ ಒಂದು ಗುಳಿಯನ್ನು ತೋಡುವುದು. ಅದೇ ವಿಧಿಯು ಹದಿನಾಲ್ಕು ಸಲ ಆವರ್ತಿಸುವುದು. ಈ ವಿಧಿಯನ್ನು ಬರೆಯುವ ಜಿ-ಕೋಡ್ ಎಂಬ ಸಂಕೇತಭಾಷೆಯು ವೈಯಾಕರಣರಿಗೆ ಅಪರಿಚಿತವೆನಿಸದು. 'ಕಡೆಯುತ್ತ ನೇರವಾಗಿ ಸಾಗು' ಎಂಬ ಆಜ್ಞೆಯನ್ನು ಒಮ್ಮೆ ಕೊಟ್ಟರೆ, ಬೇರೆ ಆಜ್ಞೆಯು ಬಂದು ಅದನ್ನು ನಿಲ್ಲಿಸುವವರೆಗೆ ಮುಂದಿನ ಸಾಲುಗಳಲ್ಲಿ ಬರಿಯ ಸಂಖ್ಯೆಗಳನ್ನು ಬರೆದರೆ ಸಾಕು. ಪಾಣಿನೀಯ ಸೂತ್ರಗಳಲ್ಲಿ ಹಿಂದಿನ ಪದವು ಮುಂದಕ್ಕೆ ಅನುವರ್ತಿಸುವ ಕ್ರಮವೇ ಇದು.

ಇಲ್ಲಿ ಪೂರ್ವಪಕ್ಷವೊಂದೇಳುವುದು. ಗುಳಿಯನ್ನು ಯಂತ್ರವೇ ತೋಡಿದ ಮೇಲೆ ಮನುಷ್ಯನಿಗೆ ಉಳಿದ ವಿದ್ಯೆಯಾವುದು? ಕುಲವೃತ್ತಿಯಾಗಿ ಕೆತ್ತುವವನ ಗತಿಯೇನು? ಈ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಒಂದೇ ನಮೂನೆಯ ಫಲಕಗಳನ್ನು ನೂರರ ಲೆಕ್ಕದಲ್ಲಿ ಕಡೆದುಹಾಕುವ ದೊಡ್ಡ ಯಂತ್ರಗಳು ಕೈಕೆಲಸದ ಬೆಲೆಯನ್ನು ತಗ್ಗಿಸತಕ್ಕುವೇ. ಆದರೆ ಮನೆಯ ಯಂತ್ರದ ಪ್ರಕರಣವು ಇದಕ್ಕಿಂತ ಭಿನ್ನ. ಅಲ್ಲಿ ರೂಪವನ್ನು ಕಲ್ಪಿಸುವವನೂ, ಅದನ್ನು ಸಂಖ್ಯೆಗಿಳಿಸುವವನೂ, ಯಂತ್ರವನ್ನು ಕೂಡಿಸಿ ನಿಲ್ಲಿಸುವವನೂ ಒಬ್ಬನೇ. ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ ಎಂಬ ಮೂವರ ಪದವಿಯೂ ಅವನದೇ. ಕಾರ್ಖಾನೆಯು ಬೇರ್ಪಡಿಸಿದುದನ್ನು ಅವನು ಮರಳಿ ಕೂಡಿಸಿರುವನು.

ನಾಲ್ಕನೆಯದಾದ ತಕ್ಷಕಪದವಿಯನ್ನು ಯಂತ್ರವು ತುಂಬಿತೆಂದು ಅವನು ಭಾವಿಸಿದರೆ ಮರವೇ ಅವನನ್ನು ತಿದ್ದುವುದು. ಹಲಸಿನ ಹಲಗೆಯಲ್ಲಿ ಎಳೆಯು ಯಾವ ಕಡೆಗೆ ಏರಿದೆ, ಗಂಟೆಲ್ಲಿದೆ, ಚೇಗು ಎಲ್ಲಿಗೆ ಮುಗಿದು ಹೊರಮರ ತೊಡಗಿತು ಎಂಬುದಾವುದೂ ಸಂಖ್ಯೆಗಳಲ್ಲಿಲ್ಲ. ಎಳೆಗೆದುರಾಗಿ ಬಿಟ್ಟು ಸಾಗಿದೆಡೆಯಲ್ಲಿ ಗುಳಿಯ ಅಂಚು ಸಿಬಿರೆದ್ದುಹೋಗುವುದು. ಹಸಿಮರದಲ್ಲಿ ಕಡೆದ ಮಣೆಯು ಒಣಗುವಾಗ ಸೊಟ್ಟಗಾಗುವುದು. ಬಡಗಿಯ ಮಗನು ಬಾಲ್ಯದಲ್ಲಿಯೇ ಅಂಗೈಯಿಂದ ತಿಳಿಯುತ್ತಿದ್ದುದನ್ನು ಹವ್ಯಾಸಿಯು ಹಲಗೆಗಳನ್ನು ಕೆಡಿಸಿ ಕೆಡಿಸಿ ತಿಳಿಯಬೇಕಾಗುವುದು. ಕಾರ್ಕಳದ ಸಮೀಪದ ಮಿಯ್ಯಾರಿನ ಸಿ. ಇ. ಕಾಮತ್ ಕುಶಲಕರ್ಮಿ ಸಂಸ್ಥೆಯಂತಹ ಎಡೆಗಳಲ್ಲಿ ಕಲ್ಲು, ಮರ, ಲೋಹಗಳ ಕೆಲಸವನ್ನು ಕೈಯಿಂದಲೇ ಕಲಿಸುವ ಪದ್ಧತಿಗೆ ಈ ಕಾಲದಲ್ಲಿಯೂ ಅರ್ಥವಿರುವುದು ಇದರಿಂದಲೇ.

ಇದರಿಂದ ನಿಷ್ಪನ್ನವಾಗುವುದಿಷ್ಟು. ಸಂಖ್ಯೆಯು ಶಿಲ್ಪಕ್ಕೆ ಹೊರಗಿನಿಂದ ಬಂದ ವೈರಿಯಲ್ಲ. ತಾಲಮಾನದ ಕಾಲದಿಂದಲೂ ಅದು ಒಳಗಿನದೇ. ಅಳತೆಯನ್ನು ಹಿಡಿದವನೂ ಮರವನ್ನು ಮುಟ್ಟುವವನೂ ಒಬ್ಬರಿಗೊಬ್ಬರು ಅಪರಿಚಿತರಾದಾಗ ಮಾತ್ರ ಕೆತ್ತನೆಯು ಶಿಲ್ಪವಾಗದೆ ಸರಕಾಗುವುದು. ತಾನೇ ಕಟ್ಟಿದ ಯಂತ್ರದ ಮುಂದೆ ಕುಳಿತ ಹವ್ಯಾಸಿಯು ತನ್ನ ಊರಿನ ಹಿರಿಯ ಬಡಗಿಯನ್ನು ಕರೆದು ಹಲಗೆಯ ಎಳೆಯನ್ನು ತೋರಿಸಿಕೊಂಡನಾದರೆ, ಸೂತ್ರಗ್ರಾಹಿಯು ಶಿಷ್ಯನಾಗಿರಬೇಕೆಂಬ ಮಯಮತದ ವಿಧಿಯು ಇಂದಿಗೂ ಸಾರ್ಥಕವಾದಂತೆಯೇ.