ಸಿ ಭಾಷೆಯ ಕಂಪೈಲರ್‌ಭೇದವೂ ಕನ್ನಡ ಬರಹವೂ

1972ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯು ಮೊದಲು ಪಿಡಿಪಿ-11 ಯಂತ್ರಕ್ಕಾಗಿ ಬೆಳೆದುದು. ರಿಚಿ ಮತ್ತು ಸ್ಟೀವನ್ ಜಾನ್ಸನ್ ಇವರು 1977-78ರಲ್ಲಿ ಯುನಿಕ್ಸನ್ನು ಇಂಟರ್‌ಡೇಟಾ 8/32 ಯಂತ್ರಕ್ಕೆ ಸಾಗಿಸಿದಾಗ, ಯಂತ್ರಭೇದದಿಂದ ಒಂದೇ ಬರಹಕ್ಕೆ ಅರ್ಥಭೇದವುಂಟಾಗುವದೆಂಬದು ಸ್ಪಷ್ಟವಾಯಿತು. 1989ರ ಅಮೇರಿಕನ್ ಪ್ರಮಾಣಗ್ರಂಥವೂ ಈ ಭೇದವನ್ನು ಪೂರ್ಣವಾಗಿ ಅಳಿಸಲಿಲ್ಲ. 'ಕ್ಯಾರ್' ಎಂಬ ಅಕ್ಷರಜಾತಿಗೆ ಋಣಬೆಲೆಯುಂಟೋ ಇಲ್ಲವೋ ಎಂಬದನ್ನು ಆಯಾ ಕಂಪೈಲರಿಗೇ ಬಿಟ್ಟಿತು.

ಇಂಗ್ಲಿಷಿಗೆ ಇದರಿಂದ ಬಾಧೆಯಿಲ್ಲ. ಅದರ ಅಕ್ಷರಗಳ ಬೆಲೆಯೆಲ್ಲ 127ರೊಳಗಿನದು. ಕನ್ನಡದ ಸ್ಥಿತಿ ಬೇರೆ. 1991ರಲ್ಲಿ ಯುನಿಕೋಡಿನೊಳಗೆ ಸ್ಥಾನ ಪಡೆದ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಕ್ರಮದಲ್ಲಿ 3 ಬೈಟುಗಳನ್ನು ಹಿಡಿಯುವದು. ನಮ್ಮ ಜೋಡುನಗರದ ಹೆಸರುಗಳನ್ನೇ ನೋಡಬಹುದು: 'ಧಾರವಾಡ'ಕ್ಕೆ ಅಕ್ಷರ 4, ಸಂಕೇತ 6, ಬೈಟು 18, 'ಹುಬ್ಬಳ್ಳಿ'ಗೆ ಅಕ್ಷರ 3, ಸಂಕೇತ 9, ಬೈಟು 27. ಎರಡರ ಮೊದಲ ಬೈಟೂ 224. ಲಿನಕ್ಸಿನಲ್ಲಿ ಆರ್ಮ್ ಯಂತ್ರದ ಕಂಪೈಲರು ಸಾಮಾನ್ಯವಾಗಿ ಅದನ್ನು 224 ಎಂದೇ ಎಣಿಸಿದರೆ, ಇಂಟೆಲ್ ಯಂತ್ರದ್ದು -32 ಎಂದೆಣಿಸುವದು. ಆ ಬೆಲೆಯಿಂದ ಕೋಷ್ಟಕದಲ್ಲಿ ಸ್ಥಾನವನ್ನು ಹುಡುಕುವ ಪದಸೂಚಿಯ ಪ್ರೋಗ್ರಾಮು ಒಂದೆಡೆ ನೆಟ್ಟಗೆ ನಡೆದು, ಇನ್ನೊಂದೆಡೆ ಕೋಷ್ಟಕದ ಹೊರಗೆ ಕೈಹಾಕುವದು.

ಡೇವಿಡ್ ಮೆಕೆಂಜಿಯವರು 1991ರಲ್ಲಿ ಆರಂಭಿಸಿದ ಆಟೋಕಾನ್ಫಿನ ಮಹತ್ವವು ಇಲ್ಲಿದೆ. ಅದು ಯಂತ್ರದ ಹೆಸರನ್ನಷ್ಟೇ ನಂಬದೆ, ಚಿಕ್ಕ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ಪರೀಕ್ಷಿಸುವದು: ಕ್ಯಾರಿಗೆ ಋಣಬೆಲೆಯುಂಟೇ? ಬಹುಬೈಟಿನ ಅಕ್ಷರವನ್ನೋದುವ ಸಾಧನವು ಲೈಬ್ರರಿಯಲ್ಲಿದೆಯೇ? ಆದರೆ ಪರೀಕ್ಷೆಯು ಭೇದವನ್ನು ತೋರಿಸುವದೇ ಹೊರತು ತಿದ್ದುವದಿಲ್ಲ. ತಿದ್ದುವ ಹೊಣೆ ಬರೆದವರದು. ಒಂದೇ ಓಲೆಪ್ರತಿಯಿಂದ ಪಾಠನಿರ್ಣಯ ಮಾಡುವದು ಹೇಗೆ ಸಲ್ಲದೋ, ಒಂದೇ ಕಂಪೈಲರಿನಲ್ಲಿ ನಡೆದ ಪ್ರೋಗ್ರಾಮನ್ನು ಶುದ್ಧವೆನ್ನುವದೂ ಹಾಗೆಯೇ ಸಲ್ಲದು.