ಬೆಂಗಳೂರಿನ ಪುಷ್ಪಕ: ತಡವಾಗಿ ಕೊಡುವ ಒಂದು ಉತ್ತರ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಸ್ಟ್ರೇಲಿಯಾದಿಂದ ಒಂದು ಪತ್ರ ಬರೆದ. ಜೊತೆಗೊಂದು ಛಾಯಾಚಿತ್ರವಿತ್ತು. ಎರಡೇ ಆಸನಗಳ, ನಮ್ಮ ಊರಿನ ಟಂಟಂ ಗಾಡಿಗಿಂತ ಬಹಳ ದೊಡ್ಡದಲ್ಲದ ಒಡಲಿನ ಬಿಳಿಯ ವಿಮಾನ. ಅದರ ರೆಕ್ಕೆಯ ಮೇಲೆ ಕೈಯಿಟ್ಟು ನಿಂತಿರುವ, ತಲೆಗೂದಲು ನೆರೆತ ನನ್ನ ಶಿಷ್ಯ. ಐವತ್ತು ದಾಟಿದ ಮೇಲೆ ಅವನು ವಿಮಾನ ಹಾರಿಸುವುದನ್ನು ಕಲಿತನಂತೆ. ಉದ್ಯೋಗಕ್ಕಾಗಿ ಅಲ್ಲ, ಹಣಕ್ಕಾಗಿ ಅಲ್ಲ, ಕೇವಲ ಹವ್ಯಾಸಕ್ಕಾಗಿ. ರವಿವಾರ ಬೆಳಿಗ್ಗೆ ಒಂದು ತಾಸು ಹಾರಿ ಬಂದು, ಮನೆಯಲ್ಲಿ ಚಹಾ ಕುಡಿಯುತ್ತಾನಂತೆ. ಪತ್ರದ ಕೊನೆಗೆ ಹೀಗೆ ಬರೆದಿದ್ದ: "ಸರ್, 1980ರಲ್ಲಿ ನೀವು ಕೊಟ್ಟ ಉತ್ತರ ನಿಮಗೆ ನೆನಪಿದೆಯೇ?"

ನೆನಪಿತ್ತು. ಆ ವರ್ಷ ಜೂನ್ 23ರಂದು ದಿಲ್ಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಬಳಿ ಸಂಜಯ್ ಗಾಂಧಿಯವರು ತಾವೇ ಹಾರಿಸುತ್ತಿದ್ದ ಪಿಟ್ಸ್ ಎಂಬ ಪುಟ್ಟ ವಿಮಾನ ನೆಲಕ್ಕಪ್ಪಳಿಸಿ, ಅವರೂ ಜೊತೆಗಿದ್ದ ಕ್ಯಾಪ್ಟನ್ ಸಕ್ಸೇನಾ ಅವರೂ ಮಡಿದರು. ಮರುದಿನ ಮಾಸೂರಿನಲ್ಲಿ ಪತ್ರಿಕೆ ಕೈಯಿಂದ ಕೈಗೆ ಹರಿದಾಡಿತು. ಒಂಬತ್ತನೆಯ ತರಗತಿಯ ಹಿಂದಿನ ಸಾಲಿನಿಂದ ಈ ಹುಡುಗ ಎದ್ದು ನಿಂತು, "ಸರ್, ವಿಮಾನಾ ನಾವೂ ಹಾರಿಸಬಹುದೇನ್ರೀ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. "ಅದು ಮಿಲಿಟರಿಯವರದು, ಇಲ್ಲಾ ದೊಡ್ಡ ಶ್ರೀಮಂತರದು. ನಮಗ್ಯಾಕ ತಮ್ಮಾ ಆ ಉಸಾಬರಿ? ಕೂಡ್ರು" ಎಂದೆ. ಅವನು ಕುಳಿತ. ಇತಿಹಾಸವನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಕಲಿಸಿದ ನಾನು, ಆ ದಿನ ಇತಿಹಾಸವನ್ನು ತಿಳಿಯದೆಯೇ ಉತ್ತರ ಕೊಟ್ಟಿದ್ದೆ. ಈಗ ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಅವನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲನೆಯದಾಗಿ, ಭಾರತದ ವಿಮಾನಯಾನ ಹುಟ್ಟಿದ್ದೇ ಹವ್ಯಾಸಿಗಳಿಂದ. 1928ರಲ್ಲಿ ದಿಲ್ಲಿ, ಮುಂಬಯಿಗಳಲ್ಲಿ ಹಾರಾಟದ ಕ್ಲಬ್ಬುಗಳು ಆರಂಭವಾದವು. ಮುಂಬಯಿಯ ಕ್ಲಬ್ಬಿನಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ವೈಮಾನಿಕ ಪರವಾನಗಿ ದೊರೆಯಿತು. ಮುಂದೆ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನರು ಬಹುಮಾನ ಘೋಷಿಸಿದರು. ಆ ಸ್ಪರ್ಧೆಯಲ್ಲಿ ಟಾಟಾ ಅವರು ಕರಾಚಿಯಿಂದ ಹೊರಟರೆ, ಹದಿಹರೆಯದ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಕೆಟ್ಟು ನಿಂತಿದ್ದ ಆ ಹುಡುಗನಿಗೆ ಟಾಟಾ ಅವರು ತಮ್ಮಲ್ಲಿದ್ದ ಪ್ಲಗ್ಗುಗಳನ್ನು ಕೊಟ್ಟರು. ಸ್ಪರ್ಧೆಯನ್ನು ಗೆದ್ದವನು ಆ ಹುಡುಗನೇ. ಮುಂದೆ 1960ರಲ್ಲಿ ಆತ ಭಾರತೀಯ ವಾಯುಪಡೆಯ ಮುಖ್ಯಸ್ಥನಾದ.

1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹೊತ್ತು ತಂದುದು 'ಪಸ್ ಮಾತ್' ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಈ ಎರಡನೆಯ ಹಾದಿಯಲ್ಲಿ ವಿಮಾನ ಇಳಿದ ಊರು ನಮ್ಮ ಬಳ್ಳಾರಿ. ಅಂದರೆ ಭಾರತದ ಮೊದಲ ದೇಶೀಯ ವಿಮಾನ ಸೇವೆಯ ಹಾದಿಯಲ್ಲಿ ಕನ್ನಡ ನಾಡಿನ ಒಂದು ಊರು ಮೊದಲ ದಿನದಿಂದಲೇ ಇತ್ತು. ಬಳ್ಳಾರಿಯನ್ನು ಗಣಿಗಾಗಿಯೂ ಕೋಟೆಗಾಗಿಯೂ ಬಲ್ಲ ನಾವು ಇದನ್ನು ಯಾವ ಪಾಠದಲ್ಲೂ ಓದಲಿಲ್ಲ, ಓದಿಸಲೂ ಇಲ್ಲ.

ಎರಡನೆಯ ಅಧ್ಯಾಯ ಬೆಂಗಳೂರಿನದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಅಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್. ಅದೇ. ಅಲ್ಲಿನ ವಿನ್ಯಾಸ ವಿಭಾಗವನ್ನು ಕಟ್ಟಿದವರು ಡಾ. ವಿಷ್ಣು ಮಾಧವ ಘಾಟಗೆ. ಜರ್ಮನಿಯ ಗಟಿಂಗನ್ನಿನಲ್ಲಿ, ವಾಯುಗತಿ ವಿಜ್ಞಾನದ ಪಿತಾಮಹರೆನಿಸಿದ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಅಧ್ಯಯನ ಮಾಡಿ ಬಂದವರು ಇವರು. ಇವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಅದು ಮುಖ್ಯವಾಗಿ ಸೈನಿಕರ ವಿಮಾನ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಿಜವಾದ ಉತ್ತರವಾಗಿದ್ದುದು ಅದರ ತಂಗಿ. 1958ರ ಸೆಪ್ಟೆಂಬರ್ 28ರಂದು ಮೊದಲು ಆಕಾಶ ಕಂಡ 'ಪುಷ್ಪಕ'.

ಪುಷ್ಪಕವು ನಾಗರಿಕರಿಗಾಗಿ, ಹಾರಾಟದ ಕ್ಲಬ್ಬುಗಳಿಗಾಗಿಯೇ ಮಾಡಿದ ವಿಮಾನ. ಅಮೆರಿಕದ 'ಏರೋಂಕಾ ಚೀಫ್' ಎಂಬ ಸರಳ ವಿಮಾನದ ಮಾದರಿಯನ್ನು ಅನುಸರಿಸಿ ಕಟ್ಟಿದ್ದು. ಗುರು ಶಿಷ್ಯರು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವ ಎರಡು ಆಸನ; ತಲೆಯ ಮೇಲ್ಗಡೆ ರೆಕ್ಕೆ; ಬಟ್ಟೆಯ ಹೊದಿಕೆ; 90 ಅಶ್ವಶಕ್ತಿಯ ಎಂಜಿನ್ನು. ಇಂದಿನ ಸಾಧಾರಣ ಕಾರೊಂದರ ಎಂಜಿನ್ನಿನಷ್ಟೇ ಶಕ್ತಿ! ಇಂಥ ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ಬೆಂಗಳೂರಿನಲ್ಲಿ ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ಒಂದಿಡೀ ಪೀಳಿಗೆಯ ನಾಗರಿಕ ವೈಮಾನಿಕರು ತಮ್ಮ ಮೊದಲ ಹಾರಾಟವನ್ನು ಕಲಿತದ್ದು ಇದರಲ್ಲಿಯೇ.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆ. ಪುರಾಣದ ಪುಷ್ಪಕವನ್ನು ಕುರಿತು, ಪ್ರಾಚೀನ ವಿಮಾನಶಾಸ್ತ್ರವನ್ನು ಕುರಿತು ನಮ್ಮಲ್ಲಿ ಭಾಷಣ ಮಾಡುವವರು ಬಹಳ. ಆ ಹೆಸರಿನ ಗ್ರಂಥದಲ್ಲಿರುವ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿಯೇ ಪರಿಶೀಲಿಸಿ ತಿಳಿಸಿದ್ದಾರೆ. ಅದೇ ಬೆಂಗಳೂರಿನಲ್ಲಿ ನಮ್ಮವರೇ ಕಟ್ಟಿದ, ನಿಜವಾಗಿಯೂ ಹಾರಿದ ಪುಷ್ಪಕವನ್ನು ಮಾತ್ರ ನಾವು ಮರೆತೆವು. ಭಾಷಣ ಮಾಡುವವರನ್ನಷ್ಟೇ ದೂರಿ ಫಲವಿಲ್ಲ. ಮರೆತವರಲ್ಲಿ ನಾನೂ ಒಬ್ಬ.

ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಜಕ್ಕೂರು ಎಂಬ ಊರಿದೆ. 1940ರ ದಶಕದ ಕೊನೆಯಲ್ಲಿ ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. 'ಸರ್ಕಾರಿ ಶಾಲೆ' ಎಂಬ ಮಾತನ್ನು ಗಮನಿಸಿರಿ. ನಾನು ಪಾಠ ಹೇಳುತ್ತಿದ್ದಂಥದೇ ಸರ್ಕಾರದ ಶಾಲೆ. ಕಲಿಸುತ್ತಿದ್ದುದು ಮಾತ್ರ ಆಕಾಶಕ್ಕೇರುವುದನ್ನು. ಮೈಸೂರು ಮಹಾರಾಜರ ವೈಮಾನಿಕರಾಗಿದ್ದ ಕ್ಯಾಪ್ಟನ್ ವಿ. ಸುಂದರಂ ಅಲ್ಲಿ ಕಲಿಸಿದರು. ಆ ಶಾಲೆಯಿಂದ ತೇರ್ಗಡೆಯಾಗಿ ಹೊರಬಂದ ಮೊದಲಿಗರಲ್ಲಿ ಅವರ ಪತ್ನಿ ಉಷಾ ಸುಂದರಂ ಅವರೂ ಒಬ್ಬರು. ಮದರಾಸು ಸರ್ಕಾರ ಕೊಂಡ 'ಡವ್' ವಿಮಾನವೊಂದನ್ನು ಈ ದಂಪತಿಗಳು ಲಂಡನ್ನಿನಿಂದ ಮುಂಬಯಿಗೆ ಇಪ್ಪತ್ತೇಳು ಗಂಟೆಗಳ ಹಾರಾಟದಲ್ಲಿ ತಂದು ಮುಟ್ಟಿಸಿದರು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಸೈಕಲ್ ತುಳಿದರೆ ಜನ ನಿಂತು ನೋಡುತ್ತಿದ್ದ ಕಾಲವದು.

ಆದುದರಿಂದ 1980ರಲ್ಲಿ ನಾನು ಹೇಳಬೇಕಾಗಿದ್ದುದು ಇಷ್ಟು: "ಹಾರಿಸಬಹುದಪ್ಪಾ. ಜಕ್ಕೂರಿನಲ್ಲಿ ಸರ್ಕಾರದ ಶಾಲೆ ಇದೆ. ಖರ್ಚು ಬಹಳ, ದಾರಿ ಕಷ್ಟ. ಆದರೆ ದಾರಿ ಇದೆ." ಅವನ ತಂದೆಯ ಎರಡೆಕರೆ ಒಣಬೇಸಾಯದಲ್ಲಿ ಆ ಖರ್ಚು ಹುಟ್ಟುತ್ತಿತ್ತೆಂದು ನಾನು ಹೇಳಲಾರೆ, ಬಹುಶಃ ಇಲ್ಲ. ಆದರೆ ಬಡತನ 'ಈಗ ಆಗದು' ಎನ್ನುತ್ತದೆ. ನಾನು 'ಅದು ನಿನ್ನದಲ್ಲ' ಎಂದೆ. ಎರಡೂ ಒಂದೇ ಮಾತಲ್ಲ.

ಹಾಗಾದರೆ ಪುಷ್ಪಕಗಳಿದ್ದ ನಾಡಿನಲ್ಲಿ ಈ ಹವ್ಯಾಸ ಬೆಳೆಯಲಿಲ್ಲವೇಕೆ? ಉತ್ತರಕ್ಕಾಗಿ ಅವನಿರುವ ದೇಶದ ಕಡೆ ನೋಡಬೇಕು. ಆಸ್ಟ್ರೇಲಿಯಾದಲ್ಲಿ ಊರಿನಿಂದ ಊರಿಗೆ ನೂರಾರು ಮೈಲಿ ದೂರ. ನಮ್ಮಲ್ಲಿ ಕ್ಲಬ್ಬುಗಳು ಆರಂಭವಾದ ಅದೇ 1928ರ ಮೇ ತಿಂಗಳಲ್ಲಿ ಅಲ್ಲಿ ಕ್ಲೊಂಕರಿ ಎಂಬ ಊರಿನಿಂದ ವೈದ್ಯರು ವಿಮಾನದಲ್ಲಿ ರೋಗಿಗಳ ಬಳಿಗೆ ಹೋಗುವ ಸೇವೆ ಮೊದಲಾಯಿತು. ಅಲ್ಲಿನವರಿಗೆ ಪುಟ್ಟ ವಿಮಾನವೆಂಬುದು ವೈಭವವಲ್ಲ, ಎತ್ತಿನ ಗಾಡಿಯಂಥ ಅಗತ್ಯ. 1970ರ ದಶಕದಲ್ಲಿ ಕೆಲವು ಉತ್ಸಾಹಿಗಳು ಕೊಟ್ಟಿಗೆಗಳಲ್ಲಿ, ಶೆಡ್ಡುಗಳಲ್ಲಿ ತಾವೇ ಕೊಳವೆ, ಬಟ್ಟೆ ಜೋಡಿಸಿ ವಿಮಾನ ಮಾಡಿ ಹಾರಿಸತೊಡಗಿದರು. ಸರ್ಕಾರ ಅವರನ್ನು ತಡೆಯುವ ಬದಲು 1976ರಲ್ಲಿ ಒಂದು ನಿಯಮ ಮಾಡಿತು: ಒಬ್ಬರೇ ಕೂರುವ ಹಗುರ ವಿಮಾನಗಳು ಹಾರಲಿ, ಆದರೆ 300 ಅಡಿಗಿಂತ ಮೇಲೇರಬಾರದು, ಸಾರ್ವಜನಿಕ ರಸ್ತೆಗಳಿಂದ ದೂರವಿರಬೇಕು. 1983ರಲ್ಲಿ ಆ ಹವ್ಯಾಸಿಗಳೇ ಒಂದು ಒಕ್ಕೂಟ ಕಟ್ಟಿಕೊಂಡರು. 2004ರಲ್ಲಿ ಅದು 'ರಿಕ್ರಿಯೇಷನಲ್ ಏವಿಯೇಷನ್ ಆಸ್ಟ್ರೇಲಿಯಾ' ಎಂಬ ಹೆಸರು ಪಡೆಯಿತು. ಈ ವರ್ಗದ ವಿಮಾನಗಳ ನೋಂದಣಿ, ಪರೀಕ್ಷೆ, ಪ್ರಮಾಣಪತ್ರ ಎಲ್ಲವನ್ನೂ ಸರ್ಕಾರದ ಕಣ್ಗಾವಲಿನಲ್ಲಿ ಸದಸ್ಯರ ಈ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಕನಿಷ್ಠ 20 ಗಂಟೆಗಳ ಹಾರಾಟ, ಅದರಲ್ಲಿ 5 ಗಂಟೆ ಒಬ್ಬಂಟಿಯಾಗಿ, ಮತ್ತು ಕಾರು ನಡೆಸಲು ಬೇಕಾದಷ್ಟು ಆರೋಗ್ಯ: ಇಷ್ಟಿದ್ದರೆ ಮೊದಲ ಪ್ರಮಾಣಪತ್ರಕ್ಕೆ ಅರ್ಹತೆ. ನಿವೃತ್ತ ಶಿಕ್ಷಕರು, ರೈತರು, ಬಡಗಿಗಳು ಹಾರುವುದು ಹೀಗೆ. ಅಪಘಾತಗಳು ಅಲ್ಲಿಯೂ ಆಗುತ್ತವೆ, ಜೀವಗಳೂ ಹೋಗುತ್ತವೆ. ಅಪಘಾತಗಳಿಂದ ಕಲಿತುದನ್ನು ಉಳಿದವರಿಗೆ ಪಾಠವಾಗಿ ತಿಳಿಸುವುದೂ ಆ ಸಂಸ್ಥೆಯ ಕೆಲಸವೇ.

ನಮ್ಮಲ್ಲಿ ಮೊದಲು ಬಂದುದು ಸರ್ಕಾರ, ಅನಂತರ ಕಾರ್ಖಾನೆ, ಅನಂತರ ಶಾಲೆ. ಹಾರುವ ಜನರ ಸಂಘಟನೆ ಮಾತ್ರ ಬಲವಾಗಿ ಬೆಳೆಯಲೇ ಇಲ್ಲ. ಕ್ಲಬ್ಬಿಗೆ ಬಂದವನು ಹವ್ಯಾಸಿಯಾಗಿ ಉಳಿಯದೆ, ವಿಮಾನ ಕಂಪನಿಯ ನೌಕರಿಯ ಕಡೆಗೆ ಮುಖ ಮಾಡಿದ. ಪುಷ್ಪಕಗಳು ಮುದಿಯಾದವು, ಅವುಗಳ ಜಾಗಕ್ಕೆ ಅಷ್ಟೇ ಅಗ್ಗದ ಮತ್ತೊಂದು ವಿಮಾನ ಬೇಗ ಬರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ನಾರುಗಾಜಿನಂಥ ಹಗುರ ವಸ್ತುವಿನಿಂದ ರೂಪಿಸಿದ 'ಹಂಸ' 1993ರಲ್ಲಿ ಹಾರಿ, 2000ದಲ್ಲಿ ಮಾನ್ಯತೆ ಪಡೆಯಿತು. ಒಳ್ಳೆಯ ವಿಮಾನ, ಆದರೆ ತಯಾರಾದವುಗಳ ಸಂಖ್ಯೆ ಇಪ್ಪತ್ತರೊಳಗೇ ಉಳಿಯಿತು. ಅದರ ಹೊಸ ರೂಪ 2021ರ ಸೆಪ್ಟೆಂಬರಿನಲ್ಲಿ ಹಾರಿದೆ. ಪುಟ್ಟ ಎಂಜಿನ್ನುಗಳಿಗೆ ಬೇಕಾದ ವಿಶೇಷ ಪೆಟ್ರೋಲು 2022ರವರೆಗೂ ಹೊರದೇಶದಿಂದಲೇ ಬರಬೇಕಾಗಿತ್ತು. ಇನ್ನು ಜಕ್ಕೂರಿನ ಆಕಾಶವನ್ನು ನೋಡಿ: ಒಂದೆಡೆ ಯಲಹಂಕದ ವಾಯುಪಡೆ, ಇನ್ನೊಂದೆಡೆ 2008ರಿಂದ ದೇವನಹಳ್ಳಿಯ ದೊಡ್ಡ ನಿಲ್ದಾಣ, ಕೆಳಗೆ ಬೆಳೆದು ನಿಂತ ನಗರ. ಹಗುರ ವಿಮಾನವೊಂದು ಆಡುವ ಅಂಗಳ ಅಷ್ಟಷ್ಟೇ ಕಿರಿದಾಗುತ್ತ ಬಂದಿದೆ.

ಆದರೂ ಬಳ್ಳಿ ಒಣಗಿಲ್ಲ. 1988ರಲ್ಲಿ ಉದ್ಯಮಿ ವಿಜಯಪತ್ ಸಿಂಘಾನಿಯಾ ಅವರು ಮೈಕ್ರೋಲೈಟ್ ಎಂಬ ಅತಿ ಹಗುರ ವಿಮಾನದಲ್ಲಿ ಲಂಡನ್ನಿನಿಂದ ಅಹಮದಾಬಾದಿಗೆ ಒಬ್ಬರೇ ಹಾರಿ ಬಂದರು. 2019ರ ಮೇ ತಿಂಗಳಲ್ಲಿ ಮುಂಬಯಿಯ ತರುಣಿ ಆರೋಹಿ ಪಂಡಿತ್ ಪುಟ್ಟ ಕ್ರೀಡಾ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ಏಕಾಂಗಿಯಾಗಿ ದಾಟಿದಳು. ಜಕ್ಕೂರಿನಲ್ಲಿಯೂ ಮೈಕ್ರೋಲೈಟುಗಳು ಹಾರಿವೆ. ಹಣ ಕೊಟ್ಟು ಹತ್ತಿ, ಬೆಂಗಳೂರನ್ನು ಮೇಲಿನಿಂದ ಕಂಡು ಬಂದವರು ನಿಮ್ಮಲ್ಲಿಯೂ ಇರಬಹುದು. ಭಾರತದಲ್ಲಿ ಖಾಸಗಿ ಪರವಾನಗಿಗೆ ಹದಿನೇಳು ವರ್ಷ ವಯಸ್ಸು, ವೈದ್ಯಕೀಯ ಪರೀಕ್ಷೆ, ಲಿಖಿತ ಪರೀಕ್ಷೆ ಮತ್ತು ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಖರ್ಚು ಇಂದಿಗೂ ಲಕ್ಷಗಳಲ್ಲಿದೆ. ನಮ್ಮ ಊರುಗಳ ಮಕ್ಕಳಿಗೆ ಅದು ಇಂದಿಗೂ ದೂರವೇ. ಹೀಗಿರುವಾಗ 'ಎಲ್ಲರೂ ಹಾರಬಹುದು' ಎಂದು ಸುಳ್ಳು ಹೇಳಲಾರೆ. ಹುಡುಗ ಹುಡುಗಿಯರು ಕೇಳಿದಾಗ ದಾರಿಯನ್ನೂ ದೂರವನ್ನೂ ಎರಡನ್ನೂ ಹೇಳಬೇಕು ಎಂಬುದಷ್ಟೇ ನನ್ನ ಮಾತು.

ಪತ್ರದಲ್ಲಿ ಅವನು ಇನ್ನೊಂದು ಸಂಗತಿ ಬರೆದಿದ್ದಾನೆ. ಮೊದಲ ಬಾರಿಗೆ ಒಬ್ಬನೇ ಹಾರಿದ ದಿನ, ಕೆಳಗೆ ಎರಡು ಗುಡ್ಡಗಳ ನಡುವೆ ಯಾರದೋ ಹೊಲದ ಕೆರೆಯೊಂದು ಹೊಳೆಯಿತಂತೆ. "ಸರ್, ಅರೆಗಳಿಗೆ ನಮ್ಮ ಮದಗದ ಕೆರೀನ ಕಂಡಂಗಾತು. ಊರಾಗಿದ್ದಾಗ ಅದನ್ನ ಏರಿ ಮ್ಯಾಲಿಂದಷ್ಟೇ ನೋಡಿದ್ದೆ. ಮ್ಯಾಲಿಂದ ಹ್ಯಾಂಗ ಕಾಣತೈತೋ ಅಂತ ಆವಾಗಿಂದ ಆಸೆ ಇತ್ತು." ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಆ ಕೆರೆಯ ಇತಿಹಾಸವನ್ನು ಅವನಿಗೆ ಹೇಳಿಕೊಟ್ಟವನು ನಾನೇ. ಅದನ್ನು ಆಕಾಶದಿಂದ ನೋಡಬೇಕೆಂಬ ಆಸೆಯಿಂದಲೇ ಅವನು ಆ ಪ್ರಶ್ನೆ ಕೇಳಿದ್ದನೆಂದು ನನಗೆ ತಿಳಿದುದು ಈಗ, ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ನಾನು ಮರುಪತ್ರ ಬರೆದಿದ್ದೇನೆ. ನನ್ನ ಅಂದಿನ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಂಡು, ಮೇಲೆ ಬರೆದ ಇತಿಹಾಸವನ್ನೆಲ್ಲ ತಿಳಿಸಿ, ಕೊನೆಗೆ ಒಂದು ಪ್ರಶ್ನೆ ಕೇಳಿದ್ದೇನೆ: "ನಿನ್ನ ಪಕ್ಕದ ಆ ಎರಡನೆಯ ಆಸನದಲ್ಲಿ ಎಂಬತ್ತರ ಸಮೀಪದ ಮುದುಕನನ್ನು ಕೂಡ್ರಿಸಿಕೊಳ್ಳಲು ಆ ದೇಶದ ಕಾನೂನು ಒಪ್ಪುತ್ತದೆಯೇ?"

ಉತ್ತರ ಬಂದಿತು. ಒಂದೇ ಸಾಲು: "ಒಪ್ಪತೈತ್ರಿ ಸರ್, ಪಾಸ್‌ಪೋರ್ಟ್ ಮಾಡಿಸ್ರಿ."